ಅಂಗಡಿಗೆ ಐಪಿವಿ6 ಹಾಕಿದ ಲಾಗ್: ಸಿಜಿನ್ಯಾಟ್ ಬಂದ ಮೇಲೆ ಏನೇನು ಮಾಡಿದೆ

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಕೆಲಸ ಇದು. ಅಂಗಡಿಯಲ್ಲಿ ಬಿಲ್ಲಿಂಗ್ ಪಿಸಿ, ಎಂಟು ಕ್ಯಾಮೆರಾದ ಡಿವಿಆರ್, ಪ್ರಿಂಟರ್, ಬೆರಳಚ್ಚಿನ ಹಾಜರಿ ಯಂತ್ರ ಇವೆ. ಹರಿಹರ ರಸ್ತೆ ಕಡೆ ಅವರದೇ ಗೋಡೌನ್. ಅಲ್ಲಿ ಕೂತ ಹುಡುಗ ಅಂಗಡಿಯ ಬಿಲ್ಲಿಂಗ್ ಪಿಸಿಗೆ ರಿಮೋಟ್‌ನಲ್ಲಿ ಬಂದು ಸ್ಟಾಕ್ ಎಂಟ್ರಿ ಮಾಡಬೇಕು. ಮಾಲೀಕರಿಗೆ ಮೊಬೈಲ್‌ನಲ್ಲಿ ಕ್ಯಾಮೆರಾ ಕಾಣಬೇಕು. ಅಷ್ಟೇ ಬೇಡಿಕೆ. ಹೊರಗಿನಿಂದ ಹೀಗೆ ಬರೋ ದಾರಿ ನಿಂತುಹೋದ ಅಂಗಡಿಗಳು ಈಗ ಊರೂರಲ್ಲೂ ಇವೆ, ಅದಕ್ಕೇ ನಂಬರ್ ಸಮೇತ ಬರೆದಿಡುತ್ತಿದ್ದೇನೆ. ಇಂಟರ್ನೆಟ್ ವಿಳಾಸದ ಹಳೆ ಪದ್ಧತಿ ಐಪಿವಿ4, ಹೊಸದು ಐಪಿವಿ6; ಮುಂದೆಲ್ಲಾ ಸುಮ್ನೆ ವಿ4, ವಿ6 ಅಂತಲೇ ಬರೆಯುತ್ತೇನೆ.

ಹಂತ 0: ಏನು ಕೆಟ್ಟಿತ್ತು

ಮೊದಲು ಪೋರ್ಟ್ ಫಾರ್ವರ್ಡ್ ಇತ್ತು, ಅಂದರೆ ಹೊರಗಿನಿಂದ ಬಂದದ್ದನ್ನು ರೌಟರ್ ಒಳಗಿನ ಸಾಮಾನಿಗೆ ದಾಟಿಸುವ ಸೆಟ್ಟಿಂಗ್. ಡಿವಿಆರ್‌ಗೆ ಒಂದು ಪೋರ್ಟ್, ಬಿಲ್ಲಿಂಗ್ ಪಿಸಿಗೆ ಒಂದು. ವರ್ಷಗಟ್ಟಲೆ ನಡೆಯಿತು. ಒಂದು ದಿನ ಎರಡೂ ಒಟ್ಟಿಗೆ ನಿಂತವು. "ಏನ್ರೀ ಇದು, ನಿನ್ನೆ ತನಕ ಬರ್ತಿತ್ತಲ್ರೀ?" ಅಂತ ಮಾಲೀಕರ ಫೋನ್.

ರೌಟರ್‌ನ ಸ್ಟೇಟಸ್ ಪುಟ ತೆಗೆದರೆ ವ್ಯಾನ್ (ಹೊರಗಿನ ಲೈನ್ ಕಡೆಯ) ವಿಳಾಸ 100.72 ಅಂತ ಶುರುವಾಗುತ್ತಿತ್ತು. ಅದೇ ಪಿಸಿಯಿಂದ 'ನನ್ನ ಐಪಿ ಯಾವುದು' ತೋರಿಸುವ ವೆಬ್‌ಸೈಟ್ ನೋಡಿದರೆ 103ರಿಂದ ಶುರುವಾಗುವ ಬೇರೆಯೇ ವಿಳಾಸ. ಎರಡೂ ಬೇರೆ ಬೇರೆ ಬಂದರೆ ನೀವು ಸಿಜಿನ್ಯಾಟ್ ಹಿಂದೆ, ಅಂದರೆ ಆಪರೇಟರ್ ಒಂದೇ ಹೊರ ವಿಳಾಸವನ್ನು ತುಂಬಾ ಗಿರಾಕಿಗಳಿಗೆ ಹಂಚುವ ವ್ಯವಸ್ಥೆಯ ಹಿಂದೆ ಇದ್ದೀರಿ ಅಂತ ಅರ್ಥ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ವಠಾರದ ನೂರಾರು ಮನೆಗೆ ಒಂದೇ ಗೇಟ್ ನಂಬರ್ ಇದ್ದಂತೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವನಿಗೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಾಗಲ್ಲ. ಗೇಟ್ ನಮ್ಮ ಕೈಯಲ್ಲಿಲ್ಲದ ಮೇಲೆ ನಮ್ಮ ರೌಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಉಪಯೋಗವಿಲ್ಲ.

ಇಂಟರ್ನೆಟ್ ಆಪರೇಟರ್‌ಗೆ ಫೋನ್ ಮಾಡಿದೆ. ಸ್ಟ್ಯಾಟಿಕ್ ಐಪಿಗೆ (ನಮಗೊಬ್ಬರಿಗೇ, ಬದಲಾಗದ ವಿಳಾಸ) ವರ್ಷಕ್ಕೆ 2,500 ರೂ., ಜಿಎಸ್‌ಟಿ ಸೇರಿ 2,950. ಸರಿ ಕೊಡಿ ಅಂದರೆ, "ಈಗ ಖಾಲಿ ಇಲ್ಲ ಸರ್, ಯಾರಾದ್ರೂ ಬಿಟ್ರೆ ಹೇಳ್ತೀನಿ." ಕೋಪ ಬಂದಿತ್ತು, ಆದರೆ ಅವರ ಲೆಕ್ಕವೂ ನಿಜವೇ. ವಿ4 ವಿಳಾಸ ಒಟ್ಟು ಇರೋದೇ ಸುಮಾರು 429 ಕೋಟಿ. ಜಗತ್ತಿನ ಮೂಲ ದಾಸ್ತಾನು 2011ರ ಫೆಬ್ರವರಿ 3ಕ್ಕೆ ಮುಗಿಯಿತು. ಆವತ್ತು ಐದು ಪ್ರದೇಶದ ಐದು ಸಂಸ್ಥೆಗಳಿಗೆ ಕೊನೆಯ ಒಂದೊಂದು ಕಂತು ಹಂಚಿದರು. ನಮ್ಮ ಭಾಗಕ್ಕೆ ವಿಳಾಸ ಕೊಡುವ ಎಪಿನಿಕ್‌ಗೆ ಸಿಕ್ಕಿದ ಕೊನೆಯ ಕಂತೇ ಈ 103, ಒಟ್ಟು ಸುಮಾರು 1.68 ಕೋಟಿ ವಿಳಾಸ. ಅದೇ ವರ್ಷದ ಏಪ್ರಿಲ್ 15ರಿಂದ ಪಡಿತರ ಶುರು. ಆ ಕಂತಿನಿಂದ ಒಬ್ಬ ಆಪರೇಟರ್‌ಗೆ ಜಾಸ್ತಿ ಅಂದರೆ 1,024 ವಿಳಾಸ, 2019ರಿಂದ ಅದೂ 512. ಊರಲ್ಲಿ ಸಾವಿರಾರು ಮನೆಗೆ ಲೈನ್ ಎಳೆದವರು 512 ವಿಳಾಸವನ್ನು ಯಾರ್‍ಯಾರಿಗೆ ಕೊಡಬೇಕು ಹೇಳಿ. ಹೊರಗೆ ಕೊಂಡುಕೊಳ್ಳಬಹುದು, ಬಿಟ್ಟಿ ಸಿಗಲ್ಲ. 2011ರಲ್ಲೇ ಮೈಕ್ರೋಸಾಫ್ಟ್ ದಿವಾಳಿಯಾದ ನಾರ್ಟೆಲ್‌ನಿಂದ 6,66,624 ವಿಳಾಸವನ್ನು 75 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಒಂದಕ್ಕೆ 11 ಡಾಲರ್ ಮೇಲಾಯಿತು. ಆಮೇಲೆ ಬೆಲೆ ಏರಿದ್ದೇ ಜಾಸ್ತಿ.

ಫೋನ್ ಇಡುವ ಮುಂಚೆ ಆಪರೇಟರ್ ಹೇಳಿದ ಒಂದು ಮಾತು ಮಾತ್ರ ಕೆಲಸಕ್ಕೆ ಬಂತು: "ವಿ6 ಬೇಕಾದ್ರೆ ಫ್ರೀ ಸರ್, ಯಾರೂ ಕೇಳಲ್ಲ."

ಹಂತ 1: ಯಾವ ಸಾಮಾನಿಗೆ ವಿ6 ಬರುತ್ತೆ

ಒಂದೊಂದಾಗಿ ನೋಡಿದೆ. ವಿಂಡೋಸ್‌ನಲ್ಲಿ ವಿಸ್ಟಾ ಕಾಲದಿಂದಲೂ ವಿ6 ಆನ್ ಆಗಿಯೇ ಬರುತ್ತದೆ, ಅದಕ್ಕೆ ತೊಂದರೆ ಇಲ್ಲ. ಪ್ರಿಂಟರ್‌ಗೆ ಗೊತ್ತೇ ಇಲ್ಲ. ಹಾಜರಿ ಯಂತ್ರಕ್ಕೂ ಇಲ್ಲ. ಡಿವಿಆರ್ ಮೋಸದ್ದು: ಮೆನುವಿನಲ್ಲಿ ಐಪಿವಿ6 ಅಂತ ಒಂದು ಸಾಲು ಇದೆ, ಒಳಗೆ ಹೋದರೆ ಎಫ್‌ಇ80ರಿಂದ ಶುರುವಾಗುವ ವಿಳಾಸ ಮಾತ್ರ. ಅದು ಆ ವೈರ್‌ನಾಚೆ ಹೋಗದ ವಿಳಾಸ. ಡಿವಿಆರ್‌ನ ಮೊಬೈಲ್ ಆ್ಯಪ್ ಕೂಡ ವಿ6 ವಿಳಾಸ ಬರೆದರೆ ತಪ್ಪು ಅನ್ನುತ್ತದೆ.

ಅಂದರೆ ವಿ4 ತೆಗೆದುಹಾಕೋ ಮಾತೇ ಇಲ್ಲ. ಒಳಗೆ ಎರಡೂ ಇರಬೇಕು. ಹೊರಗಿನಿಂದ ಬರೋ ದಾರಿ ಮಾತ್ರ ವಿ6.

ಡಿವಿಆರ್ ಕಂಪನಿಯ ಕ್ಲೌಡ್ ಆ್ಯಪ್ ಇದೆಯಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಆಯ್ತಲ್ವಾ ಅಂತ ಕೇಳುವವರಿಗೆ: ಹೌದು, ಕ್ಯಾಮೆರಾಕ್ಕೆ ಆಗುತ್ತೆ. ಆದರೆ ಚಿತ್ರ ಬೇರೆಯವರ ಸರ್ವರ್ ಸುತ್ತಿ ಬರುತ್ತದೆ, ಮತ್ತೆ ಬಿಲ್ಲಿಂಗ್ ಪಿಸಿಗೆ ಅದು ಉಪಯೋಗಕ್ಕಿಲ್ಲ. ಬೇರೆಯವರ ಖಾತೆಯಲ್ಲಿ ನಡೆಯುವ ಟನಲ್ (ಇಂಟರ್ನೆಟ್ ಒಳಗೇ ನಮ್ಮದೇ ಗುಪ್ತ ದಾರಿ) ಸೇವೆಗಳೂ ಇವೆ, ಅರ್ಧ ಗಂಟೆಯಲ್ಲಿ ಮುಗಿಯೋ ಕೆಲಸ. ಮಾಲೀಕರಿಗೆ ಅಂಗಡಿ ಲೆಕ್ಕದ ದಾರಿ ಇನ್ನೊಬ್ಬರ ಖಾತೆ ಮೇಲೆ ನಿಲ್ಲೋದು ಬೇಡವಾಗಿತ್ತು. ನನಗೂ ಇದನ್ನು ಒಮ್ಮೆ ಪೂರ್ತಿ ಮಾಡಿ ನೋಡಬೇಕಿತ್ತು.

ಹಂತ 2: ರೌಟರ್ ಬದಲು

ಆಪರೇಟರ್ ಕೊಟ್ಟ ಫೈಬರ್ ಡಬ್ಬಿಯಲ್ಲೇ ಮಾಡಿಬಿಡೋಣ ಅಂತ ಮೊದಲು ನೋಡಿದೆ. ವಿ6 ಪುಟ ಇತ್ತು. ಫೈರ್‌ವಾಲ್ ಅಂತ ಒಂದೇ ಸ್ವಿಚ್ಚು: ಆನ್ ಮಾಡಿದರೆ ಹೊರಗಿನಿಂದ ಏನೂ ಬರಲ್ಲ, ಆಫ್ ಮಾಡಿದರೆ ಒಳಗಿನ ಎಲ್ಲಾ ಸಾಮಾನು ಜಗತ್ತಿಗೆ ತೆರೆದುಕೊಳ್ಳುತ್ತದೆ. ಒಂದು ಪೋರ್ಟ್ ಮಾತ್ರ ಬಿಡು ಅನ್ನೋ ಅವಕಾಶವೇ ಇಲ್ಲ. ವಿ4ರಲ್ಲಿ ನ್ಯಾಟ್ (ಒಳಗಿನ ಎಲ್ಲಕ್ಕೂ ಒಂದೇ ಹೊರ ವಿಳಾಸ) ಇರುವುದರಿಂದ ಹೊರಗಿನವರು ತಾನಾಗಿಯೇ ತಡೆದು ನಿಲ್ಲುತ್ತಿದ್ದರು. ವಿ6ರಲ್ಲಿ ಪ್ರತಿ ಸಾಮಾನಿಗೂ ನೇರ ವಿಳಾಸ, ತಡೆಯೋದು ಫೈರ್‌ವಾಲ್ ಒಂದೇ. ಹಾಗಾಗಿ ಆ ಸ್ವಿಚ್ಚನ್ನು ಆಫ್ ಮಾಡಿ ಬಿಡೋದು ಮಾತ್ರ ಯಾರೂ ಮಾಡಬೇಡಿ, ಯೂಟ್ಯೂಬ್‌ನಲ್ಲಿ ಯಾರೇ ಹೇಳಿದರೂ.

ಓಪನ್‌ವರ್ಟ್ ಅನ್ನೋ ರೌಟರ್ ಸಾಫ್ಟ್‌ವೇರ್ ಹಿಡಿಯುವ ಸೆಕೆಂಡ್ ಹ್ಯಾಂಡ್ ರೌಟರ್ ತಂದೆ. 16 ಎಂಬಿ ಫ್ಲಾಷ್, 128 ಎಂಬಿ ರ‍್ಯಾಮ್, 1,800 ರೂ. ಇದಕ್ಕಿಂತ ಕಡಿಮೆ ಇರೋದು ತಗೋಬೇಡಿ, ಪ್ಯಾಕೇಜ್ ಹಾಕಲು ಜಾಗ ಸಾಲಲ್ಲ.

ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಬರೀ ದಾಟಿಸುವ ಕೆಲಸಕ್ಕೆ) ಹಾಕಿ, ಹೊಸ ರೌಟರ್‌ನಲ್ಲಿ ಪಿಪಿಪಿಓಇ (ಆಪರೇಟರ್ ಲೈನ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟೆ. ಲೈನ್ ಬರಲಿಲ್ಲ. ಲಾಗ್‌ನಲ್ಲಿ ಆ ಕಡೆಯಿಂದ ಉತ್ತರವೇ ಇಲ್ಲ. ಕಾರಣ ವಿಲ್ಯಾನ್ ನಂಬರ್, ಅಂದರೆ ಒಂದೇ ವೈರ್‌ನಲ್ಲಿ ಹೋಗುವ ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಗುರುತಿಸುವ ನಂಬರ್. ಹಳೆ ಸೆಟ್ಟಿಂಗ್‌ನಲ್ಲಿ ಡಬ್ಬಿಯೇ ಆ ನಂಬರ್ ಹಚ್ಚಿ ಕಳಿಸುತ್ತಿತ್ತು, ಬ್ರಿಡ್ಜ್ ಮಾಡಿದಾಗ ಅದು ಅಳಿಸಿಹೋಗಿತ್ತು. ಬ್ರಿಡ್ಜ್ ಮಾಡುವ ಮುಂಚೆ ಹಳೆ ವ್ಯಾನ್ ಪುಟದ ಫೋಟೋ ಹೊಡೆದಿಟ್ಟುಕೊಳ್ಳಿ. ನಾನು ಹೊಡೆದಿರಲಿಲ್ಲ, ಲೈನ್‌ಮನ್ ಹುಡುಗ ಊಟ ಮುಗಿಸಿ ಫೋನ್ ಎತ್ತುವವರೆಗೆ ಅಂಗಡಿಯ ಯುಪಿಐ ಮೆಷಿನ್ ಕೂಡ ನಿಂತಿತ್ತು. ಆಮೇಲೆ ಆಪರೇಟರ್ ಕಡೆ ಹಳೆ ಡಬ್ಬಿಯ ಮ್ಯಾಕ್ ವಿಳಾಸಕ್ಕೆ (ಯಂತ್ರದ ಹುಟ್ಟು ನಂಬರ್) ಲೈನ್ ಕಟ್ಟಿಹಾಕಿದ್ದರು. ಅದನ್ನೂ ಬಿಡಿಸಿದ ಮೇಲೆ ವಿ4 ಬಂತು.

ಇಂಥ ಕೆಲಸ ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಅಂತ ಅನ್ನಿಸುತ್ತೆ, ಸಿಮೆಂಟ್ ಲಾರಿ ಬರೋದು ಆಗಲೇ.

ಹಂತ 3: ವಿ6 ಎಬ್ಬಿಸಿದ್ದು

ಓಪನ್‌ವರ್ಟ್‌ನಲ್ಲಿ ಪಿಪಿಪಿಓಇ ಸೆಟ್ಟಿಂಗ್ ಒಳಗೆ ವಿ6 'ಆಟೋಮ್ಯಾಟಿಕ್' ಅಂತ ಇಟ್ಟರೆ ವ್ಯಾನ್6 ಅಂತ ಇನ್ನೊಂದು ಇಂಟರ್‌ಫೇಸ್ ತಾನಾಗಿ ಹುಟ್ಟುತ್ತದೆ. ಹುಟ್ಟಿತು, ರೌಟರ್‌ಗೆ ವಿಳಾಸವೂ ಬಂತು. ಒಳಗಿನ ಪಿಸಿಗೆ ಬರಲಿಲ್ಲ. ರೌಟರ್‌ನಿಂದ ಪಿಂಗ್ ('ಇದ್ದೀಯಾ' ಅಂತ ಕೇಳುವ ಪರೀಕ್ಷೆ) ಹೋಗುತ್ತೆ, ಪಿಸಿಯಿಂದ ಹೋಗಲ್ಲ.

ವಿ6ರಲ್ಲಿ ರೌಟರ್‌ಗೆ ಒಂದು ವಿಳಾಸ ಸಿಕ್ಕರೆ ಸಾಲದು, ಒಳಗಿನವರಿಗೆ ಹಂಚಲು ಒಂದು ಇಡೀ ಪ್ರಿಫಿಕ್ಸ್ (ಮುಂದಿನ ಭಾಗ ಒಂದೇ ಇರುವ ವಿಳಾಸಗಳ ಗುಂಪು) ಬೇಕು. ಅದನ್ನು ಡಿಎಚ್‌ಸಿಪಿವಿ6 ಅನ್ನೋ ವಿಳಾಸ ಹಂಚುವ ಪದ್ಧತಿಯಲ್ಲಿ ಕೇಳಿ ಪಡೆಯಬೇಕು. ನಮ್ಮ ರೌಟರ್ ಕೇಳುತ್ತಿತ್ತು, ಆ ಕಡೆಯವರು ಕೊಡುತ್ತಿರಲಿಲ್ಲ. ಆಪರೇಟರ್‌ಗೆ ಮತ್ತೆ ಫೋನ್. ಮೊದಲು ಎತ್ತಿದವರಿಗೆ 'ಪ್ರಿಫಿಕ್ಸ್ ಡೆಲಿಗೇಶನ್' ಅಂದರೆ ಅರ್ಥವಾಗಲಿಲ್ಲ, ರೌಟರ್ ರೀಸ್ಟಾರ್ಟ್ ಮಾಡಿ ಅಂದರು. ನೆಟ್‌ವರ್ಕ್ ನೋಡಿಕೊಳ್ಳುವವರ ನಂಬರ್ ಲೈನ್‌ಮನ್ ಹುಡುಗನಿಂದಲೇ ಸಿಕ್ಕಿತು. ಅವರಿಗೆ ಒಂದೇ ಸಾಲಿನಲ್ಲಿ ಗೊತ್ತಾಯಿತು, ಆನ್ ಮಾಡಿದರು. ಸಿಕ್ಕಿದ್ದು ಒಂದು /64, ಅಂದರೆ ವಿಳಾಸದ 128 ಬಿಟ್‌ನಲ್ಲಿ ಮುಂದಿನ 64 ಅವರು ಗೊತ್ತುಮಾಡಿದ್ದು, ಉಳಿದದ್ದು ನಮ್ಮದು.

ಒಂದು /64 ಅಂದರೆ ವಿಳಾಸದ ಲೆಕ್ಕದಲ್ಲಿ ಸಮುದ್ರ, ಆದರೆ ನೆಟ್‌ವರ್ಕ್ ಲೆಕ್ಕದಲ್ಲಿ ಒಂದೇ ಒಂದು. ಗಿರಾಕಿಗಳ ವೈಫೈ ಬೇರೆ ಇಡೋಣ, ಅದಕ್ಕೂ ವಿ6 ಕೊಡೋಣ ಅಂದರೆ ಎರಡನೇ /64 ಬೇಕು. /56 ಕೊಟ್ಟಿದ್ದರೆ 256 ಸಿಗುತ್ತಿದ್ದವು. ಮನೆಗಳಿಗೂ ಒಂದು /64ಕ್ಕಿಂತ ಜಾಸ್ತಿ ಕೊಡಿ ಅಂತ 2011ರ ಆರ್‌ಎಫ್‌ಸಿ 6177ರಲ್ಲೇ (ಇಂಟರ್ನೆಟ್ ಪದ್ಧತಿಗಳ ದಾಖಲೆ) ಬರೆದಿದ್ದಾರೆ. ವಿ4ರಲ್ಲಿ ಜಿಪುಣತನ ಮಾಡಿದ್ದಕ್ಕೆ ಕಾರಣ ಇತ್ತು. ವಿ6ರಲ್ಲಿ ಯಾಕೆ? ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ಸದ್ಯಕ್ಕೆ ಗೆಸ್ಟ್ ವೈಫೈಗೆ ವಿ4 ಮಾತ್ರ.

ಇದೇ ಹಂತದಲ್ಲಿ ನಡೆದ ಇನ್ನೊಂದು ಎಡವಟ್ಟು. ಯಾವ ಸಾಮಾನಿಗೆ ಯಾವ ವಿಳಾಸ ಅಂತ ಪಟ್ಟಿ ಇರಲಿ ಅಂತ ಒಳಗಿನ ಹಂಚಿಕೆಯನ್ನು ಡಿಎಚ್‌ಸಿಪಿವಿ6 ಮಾತ್ರ ಅಂತ ಇಟ್ಟೆ. ವಿಂಡೋಸ್ ಪಿಸಿಗೆ ವಿಳಾಸ ಬಂತು, ಅಂಗಡಿಯ ಆಂಡ್ರಾಯ್ಡ್ ಫೋನ್‌ಗಳಿಗೆ ಒಂದಕ್ಕೂ ಬರಲಿಲ್ಲ. ಅವು ರೌಟರ್ ಕೂಗಿ ಹೇಳುವ ಪ್ರಿಫಿಕ್ಸ್ ಕೇಳಿಸಿಕೊಂಡು ತಮ್ಮ ವಿಳಾಸ ತಾವೇ ಮಾಡಿಕೊಳ್ಳುತ್ತವೆ. ಆ ಸ್ಲ್ಯಾಕ್ ಸೆಟ್ಟಿಂಗ್ ವಾಪಸ್ ಆನ್ ಮಾಡಿದ ತಕ್ಷಣ ಬಂತು.

ಹಂತ 4: ಅರ್ಧ ಗಂಟೆ ನಡೆದು ನಿಲ್ಲೋದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದು. ರೌಟರ್ ಆನ್ ಮಾಡಿದರೆ ವಿ6 ಚೆನ್ನಾಗಿ ನಡೆಯುತ್ತೆ. ಚಹಾ ಕುಡಿದು ಬರುವಷ್ಟರಲ್ಲಿ ಸತ್ತಿರುತ್ತೆ. ಮತ್ತೆ ಕನೆಕ್ಟ್ ಮಾಡಿದರೆ ಮತ್ತೆ ಚೆನ್ನಾಗಿರುತ್ತೆ. ಆಪರೇಟರ್ ಮೇಲೆ ಅನುಮಾನ, ಸೆಕೆಂಡ್ ಹ್ಯಾಂಡ್ ರೌಟರ್ ಮೇಲೆ ಅನುಮಾನ, ಅಡಾಪ್ಟರ್ ಕೂಡ ಬದಲಿಸಿ ನೋಡಿದೆ.

ಕೊನೆಗೆ ಗಡಿಯಾರ ಹಿಡಿದು ಕೂತೆ. ಪ್ರತಿ ಸಲವೂ ಸರಿಯಾಗಿ ಮೂವತ್ತು ನಿಮಿಷ. ಯಂತ್ರ ಕೆಟ್ಟಿದ್ದರೆ ಇಷ್ಟು ಸಮಯ ಪಾಲಿಸಲ್ಲ. ರೌಟಿಂಗ್ ಟೇಬಲ್‌ನಲ್ಲಿ ಡೀಫಾಲ್ಟ್ ದಾರಿಯ ಪಕ್ಕ ಸೆಕೆಂಡ್ ಎಣಿಕೆ ಇರುತ್ತದೆ, ಅದು 1800ರಿಂದ ಇಳಿಯುತ್ತಾ ಇಳಿಯುತ್ತಾ ಸೊನ್ನೆ ಮುಟ್ಟಿ ದಾರಿಯೇ ಮಾಯವಾಗುತ್ತಿತ್ತು. ಆ ಕಡೆಯ ರೌಟರ್ ಆಗಾಗ 'ನಾನಿದ್ದೇನೆ' ಅಂತ ಹೇಳುತ್ತಿರಬೇಕು, ಆಗ ಎಣಿಕೆ ಮತ್ತೆ 1800ಕ್ಕೆ ಏರಬೇಕು. ಆ ಸಂದೇಶ ಬರೋದು ಐಸಿಎಂಪಿವಿ6ನಲ್ಲಿ, ಪಿಂಗ್ ಕೂಡ ಓಡುವ ಸಂದೇಶ ಪದ್ಧತಿ ಅದು. ನನ್ನ ಫೈರ್‌ವಾಲ್‌ನಲ್ಲಿ 'ವ್ಯಾನ್‌ನಿಂದ ಬರುವ ಐಸಿಎಂಪಿ ಎಲ್ಲಾ ಡ್ರಾಪ್' ಅಂತ ಒಂದು ರೂಲ್. ಹೊರಗಿನವರು ಪಿಂಗ್ ಮಾಡಬಾರದು ಅಂತ ಹತ್ತಾರು ವರ್ಷದಿಂದ ಎಲ್ಲಾ ಅಂಗಡಿಗೂ ಹಾಕುವ ರೂಲ್, ಕೈ ತಾನಾಗಿ ಹಾಕಿಬಿಟ್ಟಿತ್ತು. ಲೈನ್ ಎದ್ದ ಗಳಿಗೆಯಲ್ಲಿ, ಫೈರ್‌ವಾಲ್ ಆ ಇಂಟರ್‌ಫೇಸ್ ಮೇಲೆ ಕೂರುವ ಮುಂಚೆ, ಮೊದಲ ಸಂದೇಶ ಒಂದು ನುಸುಳಿ ಬರುತ್ತಿತ್ತು. ಅದರ ಬಲದ ಮೇಲೆ ಅರ್ಧ ಗಂಟೆ.

ವಿ4ರಲ್ಲಿ ಐಸಿಎಂಪಿ ಮುಚ್ಚಿದರೂ ಹೇಗೋ ನಡೆಯುತ್ತಿತ್ತು. ವಿ6ರಲ್ಲಿ ದಾರಿ ತೋರಿಸೋದು, ಪಕ್ಕದವರನ್ನು ಹುಡುಕೋದು, ಪ್ಯಾಕೆಟ್ ದೊಡ್ಡದಾಯ್ತು ಅಂತ ಹೇಳೋದು ಎಲ್ಲಾ ಅದರ ಮೇಲೆಯೇ. ಓಪನ್‌ವರ್ಟ್‌ನಲ್ಲಿ ಐಸಿಎಂಪಿವಿ6 ಬಿಡುವ ರೂಲ್‌ಗಳು ಮೊದಲಿನಿಂದಲೇ ಇರುತ್ತವೆ, ಅವನ್ನು ಮುಟ್ಟಬೇಡಿ. ನನ್ನ ರೂಲ್ ಅವಕ್ಕಿಂತ ಮೇಲೆ ಕೂತಿತ್ತು. ಅಳಿಸಿದೆ, ನಿಲ್ಲೋದು ನಿಂತಿತು.

ಇದರ ಜೊತೆಗೇ ಕೆಲವು ಸೈಟ್‌ಗಳು ಅರ್ಧ ಬಂದು ತಿರುಗುತ್ತಾ ಇರುತ್ತಿದ್ದವು. ಪಿಪಿಪಿಓಇ ಲೈನ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್) 1500 ಅಲ್ಲ, 1492. ವ್ಯಾನ್ ಝೋನ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ ಒಳಗಿನ ಡೇಟಾವನ್ನು ಲೈನ್ ಹಿಡಿಯುವಷ್ಟಕ್ಕೆ ಇಳಿಸೋದು) ಟಿಕ್ ಹೋಗಿತ್ತು, ಹಾಕಿದೆ. ವಿ6ಗೆ ಲೆಕ್ಕ: 1492ರಲ್ಲಿ 40 ಕಳೆದು 20 ಕಳೆದರೆ 1432. ವಿ4ಗೆ 1452. ಕೈಯಲ್ಲಿ ಹಾಕಬೇಕಾದ ರೌಟರ್ ಇದ್ದರೆ ಈ ಅಂಕಿ ಬರೆದಿಟ್ಟುಕೊಳ್ಳಿ.

ಹಂತ 5: ಪಿಸಿಗೆ ನೇರ ದಾರಿ, ಆಮೇಲೆ ಅದನ್ನು ತೆಗೆದದ್ದು

ಈಗ ಬಿಲ್ಲಿಂಗ್ ಪಿಸಿಗೆ ಜಗತ್ತಿಗೆಲ್ಲಾ ಕಾಣುವ ವಿಳಾಸ ಇದೆ. ರೂಲ್ ಬರೆದೆ: ಈ ವಿಳಾಸಕ್ಕೆ, ಈ ಪೋರ್ಟ್‌ಗೆ ಬಿಡು. ನನ್ನ ಮೊಬೈಲ್ ಡೇಟಾದಿಂದ ತಟ್ಟಿದೆ, ತೆರೆಯಿತು. ಮಾರನೇ ದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂತು, ಮುಗಿಯಿತು. ಲೈನ್ ಮತ್ತೆ ಎದ್ದಾಗ ಪ್ರಿಫಿಕ್ಸ್ ಹೊಸದು. ರೂಲ್‌ನಲ್ಲಿದ್ದ ವಿಳಾಸ ಈಗ ಬೇರೆ ಯಾರದ್ದೋ.

ಇದಕ್ಕೆ ಮದ್ದು ಇದೆ. ಓಪನ್‌ವರ್ಟ್‌ನ ರೂಲ್‌ನಲ್ಲಿ ವಿಳಾಸದ ಹಿಂದಿನ 64 ಬಿಟ್ ಮಾತ್ರ ಬರೆದು ಕೊನೆಗೆ /-64 ಅಂತ ಹಾಕಿದರೆ ಮುಂದಿನ ಭಾಗ ಏನೇ ಬದಲಾದರೂ ಹಿಡಿಯುತ್ತದೆ. ಆದರೆ ವಿಂಡೋಸ್ ಹಿಂದಿನ ಭಾಗವನ್ನೂ ತನ್ನಿಷ್ಟದಂತೆ ಹುಟ್ಟಿಸುತ್ತದೆ, ಮತ್ತೆ ಹೊರಗೆ ಹೋಗುವಾಗ ತಾತ್ಕಾಲಿಕ ವಿಳಾಸ ಬೇರೆ ಬಳಸುತ್ತದೆ. ನೆಟ್‌ಶೆಲ್ ಆದೇಶದಲ್ಲಿ ರ‍್ಯಾಂಡಮೈಸ್ ಐಡೆಂಟಿಫೈಯರ್ಸ್ ಆಫ್, ಪ್ರೈವೆಸಿ ಆಫ್ ಮಾಡಿದೆ. ಆಗ ಹಿಂದಿನ ಭಾಗ ಲ್ಯಾನ್ ಕಾರ್ಡಿನ ಮ್ಯಾಕ್‌ನಿಂದ ಬರುತ್ತದೆ, ಬದಲಾಗಲ್ಲ.

ಕೆಲಸ ಮಾಡಿತು. ಆದರೂ ತೆಗೆದುಹಾಕಿದೆ. ರಿಮೋಟ್ ಡೆಸ್ಕ್‌ಟಾಪ್ ಪೋರ್ಟನ್ನು ಹೊರಗೆ ತೆರೆದಿಡೋದು ವಿ4ರಲ್ಲಿ ಎಷ್ಟು ಕೆಟ್ಟದ್ದೋ ಇಲ್ಲೂ ಅಷ್ಟೇ. ಒಂದು /64 ಪೂರ್ತಿ ತಡಕಾಡಲು ಯಾರಿಂದಲೂ ಆಗಲ್ಲ, ನಿಜ. ಆದರೆ ವಿಳಾಸಕ್ಕೆ ಒಂದು ಹೆಸರು ಕೊಟ್ಟ ಮೇಲೆ ತಡಕಾಡುವ ಅಗತ್ಯವೇ ಇಲ್ಲ. ಮೇಲಾಗಿ ಡಿವಿಆರ್‌ಗೆ ವಿ6 ಬರಲ್ಲವಾದ್ದರಿಂದ ಅದಕ್ಕೆ ಬೇರೆ ದಾರಿ ಹುಡುಕಲೇಬೇಕಿತ್ತು. ಒಂದೇ ಬಾಗಿಲು ಸಾಕು.

ಹಂತ 6: ರೌಟರ್‌ನಲ್ಲಿ ವೈರ್‌ಗಾರ್ಡ್

ರೌಟರ್ ಮೇಲೇ ವೈರ್‌ಗಾರ್ಡ್ ಅನ್ನೋ ಟನಲ್ ಸಾಫ್ಟ್‌ವೇರ್ ಹಾಕಿದೆ. ಹೊರಗಿನಿಂದ ತೆರೆದಿರೋದು ಯುಡಿಪಿ ಪೋರ್ಟ್ 51820 ಒಂದೇ, ಅದೂ ವಿ6ಗೆ ಮಾತ್ರ. ಟನಲ್ ಹೊರಗಡೆ ವಿ6, ಒಳಗಡೆ ಹರಿಯೋದು ಹಳೇ ವಿ4. ಹೀಗಾಗಿ ವಿ6 ಗೊತ್ತಿಲ್ಲದ ಡಿವಿಆರ್, ಪ್ರಿಂಟರ್ ಎಲ್ಲಾ ಹಳೆ ವಿಳಾಸದಲ್ಲೇ ಸಿಗುತ್ತವೆ. ರೌಟರ್‌ಗೇ ಬಂದು ನಿಲ್ಲುವುದರಿಂದ ಹಂತ 5ರ ಹಿಂದಿನ 64 ಬಿಟ್‌ನ ಸರ್ಕಸ್ಸೂ ಬೇಡ. ಇದನ್ನೇ ಮೊದಲು ಮಾಡಬಹುದಿತ್ತು.

ಸಿಕ್ಕಿಬಿದ್ದ ಜಾಗಗಳು:

ಅಂಗಡಿಯ ಒಳ ನೆಟ್‌ವರ್ಕ್ 192.168.1, ಗೋಡೌನ್‌ದೂ 192.168.1, ಮಾಲೀಕರ ಮನೆಯದ್ದೂ ಅದೇ. ಟನಲ್ ಎದ್ದರೂ ಪಿಸಿ ಡಿವಿಆರನ್ನು ಪಕ್ಕದಲ್ಲೇ ಹುಡುಕುತ್ತಿತ್ತು. ಅಂಗಡಿಯದ್ದನ್ನು 192.168.77 ಮಾಡಿದೆ, ಗೋಡೌನ್‌ದು 78. ಡಿವಿಆರ್‌ಗೆ ಮಾತ್ರ ಅಟ್ಟ ಹತ್ತಿ ಮಾನಿಟರ್, ಮೌಸ್ ಸಿಕ್ಕಿಸಿ ಕೈಯಲ್ಲಿ ಬದಲಿಸಬೇಕಾಯಿತು. ಹಾಜರಿ ಯಂತ್ರಕ್ಕೂ ಹಾಗೇ.

ಎಂಟಿಯು. ವೈರ್‌ಗಾರ್ಡ್ ತಾನಾಗಿ ಇಟ್ಟುಕೊಳ್ಳೋದು 1420. ಅದು 1500ರ ಲೈನ್‌ಗೆ ಸರಿ. ವಿ6 ಮೇಲೆ ಹೋಗುವಾಗ 80 ಬೈಟ್ ಅದಕ್ಕೇ ಹೋಗುತ್ತದೆ, ನಮ್ಮದು 1492, ಹಾಗಾಗಿ 1412. ಮೊಬೈಲ್‌ಗಳಿಗೆ 1280 ಇಟ್ಟುಬಿಟ್ಟೆ. ವಿ6ರಲ್ಲಿ ಎಂಟಿಯು ಅದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ, ವೇಗದಲ್ಲಿ ಮಾಲೀಕರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಹೆಸರು. ಪ್ರಿಫಿಕ್ಸ್ ಬದಲಾಗುವುದರಿಂದ ಡೈನಾಮಿಕ್ ಡಿಎನ್‌ಎಸ್ (ವಿಳಾಸ ಬದಲಾದಾಗಲೆಲ್ಲಾ ಅದೇ ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸುವ ಸೇವೆ) ಬೇಕೇ ಬೇಕು. ಬಿಟ್ಟಿ ಸೇವೆ ಒಂದರಲ್ಲಿ ಹೆಸರು ತಗೊಂಡು ರೌಟರ್‌ನಲ್ಲೇ ಸ್ಕ್ರಿಪ್ಟ್ ಹಾಕಿದೆ. ಅದು ವಿ6ರ ಜೊತೆಗೆ ಆ 100.72ರ ವಿ4 ವಿಳಾಸವನ್ನೂ ಅದೇ ಹೆಸರಿಗೆ ಸೇರಿಸಿತ್ತು. ಬ್ರೌಸರ್ ಆಗಿದ್ದರೆ ಒಂದು ಬಾರದಿದ್ದರೆ ಇನ್ನೊಂದನ್ನು ತಟ್ಟುತ್ತದೆ. ವೈರ್‌ಗಾರ್ಡ್ ಹಾಗಲ್ಲ, ಒಂದನ್ನು ಹಿಡಿದರೆ ಅದನ್ನೇ ಹಿಡಿದು ಕೂರುತ್ತದೆ. ಮಾಲೀಕರ ಫೋನ್ ವಿ4 ಹಿಡಿದು ಕೂತಿತ್ತು. ಆ ದಾಖಲೆ ಅಳಿಸಿದ ಮೇಲೆ ಬಂತು.

ಹೆಸರಿನ ಹಿಂದಿನ ವಿಳಾಸ ಬದಲಾದರೂ ಆ ಕಡೆಯವರಿಗೆ ಗೊತ್ತಾಗಲ್ಲ. ವೈರ್‌ಗಾರ್ಡ್ ಹೆಸರನ್ನು ನೋಡೋದು ಟನಲ್ ಎಬ್ಬಿಸುವಾಗ ಒಮ್ಮೆ ಮಾತ್ರ. ಫೋನ್‌ನಲ್ಲಿ ಆಫ್ ಮಾಡಿ ಆನ್ ಮಾಡಿದರೆ ಆಯ್ತು. ಗೋಡೌನ್‌ನ ವಿಂಡೋಸ್ ಪಿಸಿಯಲ್ಲಿ ಬೆಳಿಗ್ಗೆ 9ಕ್ಕೆ ಟನಲ್ ಸರ್ವಿಸ್ ರೀಸ್ಟಾರ್ಟ್ ಆಗುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದೆ. ಆ ಕಡೆಯೂ ಓಪನ್‌ವರ್ಟ್ ಇದ್ದರೆ ವೈರ್‌ಗಾರ್ಡ್ ವಾಚ್‌ಡಾಗ್ ಅಂತ ಸ್ಕ್ರಿಪ್ಟ್ ಜೊತೆಗೇ ಬರುತ್ತದೆ, ಅದನ್ನು ಕ್ರಾನ್‌ಗೆ (ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಪಟ್ಟಿ) ಹಾಕಿದರೆ ಸಾಕು. ಇದಕ್ಕಿಂತ ಒಳ್ಳೆ ಮದ್ದು ಎಂದರೆ ಲೈನ್ ಬೀಳದಂತೆ ನೋಡಿಕೊಳ್ಳೋದು. ಡಬ್ಬಿಗೂ ರೌಟರ್‌ಗೂ ಸೇರಿ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿದೆ, 1,300 ರೂ. ಕರೆಂಟ್ ಹೋದರೂ ಈಗ ಪ್ರಿಫಿಕ್ಸ್ ಬದಲಾಗೋದು ಅಪರೂಪ.

ಹಂತ 7: ಆ ತುದಿಯಲ್ಲೂ ವಿ6 ಇರಬೇಕು

ಮಾಲೀಕರ ಮೊಬೈಲ್ ಡೇಟಾದಲ್ಲಿ ಮೊದಲ ಸಲಕ್ಕೇ ಬಂತು. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ವಿ6 ಗಟ್ಟಿಯಾಗಿಯೇ ಇದೆ. 2016ರಲ್ಲಿ ಜಿಯೋ ಬಂದ ಮೇಲೆ ಬೇಗ ಬೆಳೆಯಿತು, ಭಾರತದಿಂದ ಗೂಗಲ್‌ಗೆ ಹೋಗುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಈಗ ವಿ6ನಲ್ಲೇ ಹೋಗುತ್ತಾರೆ. ಹಾಗಾಗಿ ಮೊಬೈಲ್ ಕಡೆ ಚಿಂತೆ ಇರಲಿಲ್ಲ.

ಆದರೆ ಮಾಲೀಕರು ರಾತ್ರಿ ಮಾವನ ಮನೆಯಿಂದ ಫೋನ್ ಮಾಡಿದರು.

"ಇಲ್ಲಿ ಬರ್ತಾ ಇಲ್ರೀ."

"ವೈಫೈನಲ್ಲಿದ್ದೀರಾ?"

"ಹ್ಞೂ, ಫುಲ್ ಸಿಗ್ನಲ್ ಐತಿ."

"ವೈಫೈ ಆಫ್ ಮಾಡಿ ನೋಡಿ."

"ಬಂತು ನೋಡ್ರಿ! ಅಲ್ಲಾ, ವೈಫೈ ಚಲೋ ಇದ್ರೆ ಬರಲ್ಲ, ಇಲ್ದಿದ್ರೆ ಬರ್ತೈತಿ ಅಂದ್ರೆ ಯಾವ ನ್ಯಾಯರೀ ಇದು?"

ಆ ಮನೆಯ ಲೈನ್‌ನಲ್ಲಿ ವಿ6 ಇಲ್ಲ. ವಿ4 ಮಾತ್ರ ಇರುವ ಕಡೆಯಿಂದ ವಿ6 ಮಾತ್ರ ಇರುವ ಬಾಗಿಲಿಗೆ ಬರಲು ನೇರ ದಾರಿ ಇಲ್ಲ. ಮಧ್ಯದಲ್ಲಿ ಎರಡೂ ಇರುವ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿರುವ ಸರ್ವರ್) ಬಾಡಿಗೆಗೆ ತಗೊಂಡು ಅಲ್ಲಿಂದ ದಾಟಿಸಬಹುದು. ಆದರೆ ಅಲ್ಲೂ ವಿ4ಗೆ ಬೆಲೆ ಇದೆ: ಅಮೆಜಾನ್ 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತದೆ, ತಿಂಗಳಿಗೆ ಮೂರೂವರೆ ಡಾಲರ್ ಮೇಲೆ, ಮೆಷಿನ್ ಬಾಡಿಗೆ ಬೇರೆ. ಮಾಲೀಕರು ಬೇಡ ಅಂದರು. ವೈಫೈ ಆಫ್ ಮಾಡೋದು ಬಿಟ್ಟಿ.

ಗೋಡೌನ್ ನಿಜವಾದ ತಲೆನೋವು. ಅಲ್ಲಿನ ಲೈನ್ ಇನ್ನೊಬ್ಬ ಆಪರೇಟರ್‌ದು, ವಿ6 ಇಲ್ಲ, ಯಾವಾಗ ಬರುತ್ತೆ ಅಂತ ಉತ್ತರವೂ ಇಲ್ಲ. ಸಿಮ್ ಹಾಕುವ 4ಜಿ ರೌಟರ್ ಇಟ್ಟೆವು, 2,400 ರೂ. ಇದರಲ್ಲೂ ಮೊದಲು ವಿ6 ಬರಲಿಲ್ಲ. ಅದೇ ಸಿಮ್ ಫೋನ್‌ಗೆ ಹಾಕಿದರೆ ಬರುತ್ತೆ, ರೌಟರ್‌ಗೆ ಹಾಕಿದರೆ ಇಲ್ಲ. ಎಪಿಎನ್ (ಸಿಮ್‌ನ ಡೇಟಾ ಸೆಟ್ಟಿಂಗ್) ಪುಟದಲ್ಲಿ ಪ್ರೋಟೋಕಾಲ್ ಅಂತ ಇರುವ ಕಡೆ ಕಂಪನಿಯಿಂದಲೇ 'ಐಪಿವಿ4' ಅಂತ ಇಟ್ಟು ಕಳಿಸಿದ್ದಾರೆ. 'ಐಪಿವಿ4ವಿ6' ಮಾಡಿದೆ, ಬಂತು. ಸ್ಟಾಕ್ ಎಂಟ್ರಿಗೆ ಡೇಟಾ ಜಾಸ್ತಿ ಬೇಡ. ಆ ಹುಡುಗ ಅದರಲ್ಲಿ ರೀಲ್ಸ್ ನೋಡದಂತೆ ವೈಫೈ ಆಫ್ ಮಾಡಿ ವೈರ್ ಮಾತ್ರ ಕೊಟ್ಟಿದ್ದೇನೆ.

ಖರ್ಚು

ರೌಟರ್ 1,800, ಯುಪಿಎಸ್ 1,300, 4ಜಿ ರೌಟರ್ 2,400, ಪ್ಯಾಚ್ ಕಾರ್ಡ್ 120. ಒಟ್ಟು 5,620 ರೂ., ನನ್ನ ಕೂಲಿ ಬಿಟ್ಟು. ಗೋಡೌನ್ ಸಿಮ್ ರೀಚಾರ್ಜ್ ಮಾತ್ರ ಮೇಲಿಂದ ಮೇಲೆ ಬರುವ ಖರ್ಚು. ಸ್ಟ್ಯಾಟಿಕ್ ಐಪಿ ಸಿಕ್ಕಿದ್ದರೆ ವರ್ಷಕ್ಕೆ 2,950. ಮೊದಲ ವರ್ಷ ಅದೇ ಅಗ್ಗ ಆಗುತ್ತಿತ್ತು, ಸುಳ್ಳು ಹೇಳಲ್ಲ. ಸಿಗುವ ಊರಲ್ಲಿ, ಒಂದೇ ಜಾಗಕ್ಕೆ ಬೇಕಿದ್ದರೆ, ದುಡ್ಡು ಕೊಟ್ಟು ತಗೊಂಡುಬಿಡಿ. ನಮಗೆ ಸಿಗಲೇ ಇಲ್ಲ.

ಬಾಕಿ

ಆಪರೇಟರ್‌ನಿಂದ /56 ಬಂದರೆ ಗೆಸ್ಟ್ ವೈಫೈಗೆ ವಿ6 ಕೊಡಬೇಕು, ಹಾಜರಿ ಯಂತ್ರ ಮತ್ತು ಡಿವಿಆರ್ ಇರುವ ನೆಟ್‌ವರ್ಕ್ ಬೇರೆ ಮಾಡಬೇಕು. ಗೋಡೌನ್ ಆಪರೇಟರ್ ವಿ6 ಕೊಟ್ಟ ದಿನ 4ಜಿ ರೌಟರ್ ವಾಪಸ್ ತರುವುದು. ಹೊಸ ಡಿವಿಆರ್ ತಗೊಳ್ಳುವಾಗ ವಿ6 ಮೆನು ಅಂಗಡಿಯಲ್ಲೇ ತೆರೆಸಿ ನೋಡಿ ತಗೊಳ್ಳಿ ಅಂತ ಮಾಲೀಕರಿಗೆ ಚೀಟಿ ಬರೆದು ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿದ್ದೇನೆ. ಅದರ ಕೆಳಗೇ ವಿಲ್ಯಾನ್ ನಂಬರ್ ಮತ್ತು ಲೈನ್‌ಮನ್ ಹುಡುಗನ ಫೋನ್ ನಂಬರ್.